ಬೇವೂರಿನ ಗಾಡಿಯ ಹಗ್ಗ

ಆಗ ನನಗೆ ಅರವತ್ತೆಂಟು. ಎರಡು ವರ್ಷದ ಹಿಂದಿನ ಮಾತು. ಅರವತ್ತೆಂಟು ಅನ್ನುವುದು ಆಧಾರ್ ಕಾರ್ಡಿನ ಲೆಕ್ಕ. ನಿಜವಾದದ್ದು ಎರಡು ಹೆಚ್ಚೋ ಎರಡು ಕಡಿಮೆಯೋ, ಹೇಳಬೇಕಾದವರು ಸತ್ತು ಬಹಳ ದಿನವಾಯಿತು. ಮೊಣಕಾಲು ಮಾತ್ರ ಎಂಬತ್ತರವು.

ಆ ವಾರ ಸೊಸೆಯ ಜೊತೆ ಒಂದು ಹಳೆಯ ಮೋಟರ್‌ಸೈಕಲ್ ಹುಡುಕಿಕೊಂಡು ಊರೂರು ತಿರುಗಿದೆ. ರಸ್ತೆಯಲ್ಲಿ ಓಡಾಡುವಂಥ ಗಾಡಿ ಅಲ್ಲ. ಕಲ್ಲು, ದಿಬ್ಬ, ಹಳ್ಳ ಹತ್ತಿ ಇಳಿಯುವ ಗಾಡಿ. ಉದ್ದ ಕಾಲು, ಸಣ್ಣ ಸೊಂಟ, ಗಂಟು ಗಂಟು ಟೈರು. ಮೊದಲ ಸಲ ನೋಡಿದಾಗ ಹಾಲು ಸಾಲದ ಕರುವಿನ ಹಾಗೆ ಕಂಡಿತು.

ನಮ್ಮ ಮನೆ ಗಂಗಾವತಿಯಲ್ಲಿ. ಮಗ ಭತ್ತ ಕೊಯ್ಯುವ ಮಷೀನಿನ ಡ್ರೈವರ್, ಸುಗ್ಗಿ ಎಲ್ಲಿದೆಯೋ ಅಲ್ಲಿರುತ್ತಾನೆ. ಸೊಸೆಯ ತವರು ವಿರೂಪಾಪುರಗಡ್ಡೆ. ಅಲ್ಲಿಯ ಗದ್ದೆಯ ಬದುವಿನ ಮೇಲೆ ಅಣ್ಣನ ಬೈಕು ಓಡಿಸಿ ಕಲಿತವಳು. ಮದುವೆಗೆ ಮುಂಚೆ ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ನಾನು ಬೇಡ ಅನ್ನುತ್ತಿದ್ದೆ. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಅವಳು ಹನುಮನಹಳ್ಳಿಯ ಹತ್ತಿರ ಒಬ್ಬ ಮಾಲೀಕನ ಹೊಲಕ್ಕೆ ರೊಟ್ಟಿ ಬಡಿಯುವ ಕೆಲಸಕ್ಕೆ ಹೋಗುತ್ತಿದ್ದಳು. ಹೊಲ ಅಂದರೆ ಬರೀ ಕಲ್ಲು, ಏನೂ ಬೆಳೆಯುವುದಿಲ್ಲ. ಅವನು ಅದಕ್ಕೆ ಬೇಲಿ ಹಾಕಿ, ಕಾಗದಪತ್ರ ಎಲ್ಲಾ ಮಾಡಿಸಿ, ದೂರದಿಂದ ಬಂದವರು ದುಡ್ಡು ಕೊಟ್ಟು ದಿಬ್ಬ ಹಾರಿಸುವ ಜಾಗ ಮಾಡಿದ್ದ. ಸುತ್ತಲಿನ ಗುಡ್ಡದಲ್ಲಿ, ನದಿಯ ದಂಡೆಯಲ್ಲಿ ಗಾಡಿ ನುಗ್ಗಿಸುವಂತಿಲ್ಲ, ನುಗ್ಗಿಸಿದರೆ ಹಿಡಿಯುತ್ತಾರೆ. ಬೇಲಿಯ ಒಳಗೆ ಓಡಿಸಿದರೆ ಯಾರೂ ಕೇಳುವುದಿಲ್ಲ. ಮಧ್ಯಾಹ್ನ ಊಟ ಮುಗಿದು ಮಂದಿ ಮಲಗಿದಾಗ ನನ್ನ ಸೊಸೆ ಅವನ ಗಾಡಿ ತೆಗೆದು ಓಡಿಸುತ್ತಿದ್ದಳಂತೆ. ಒಂದು ದಿನ ಅವನು ನೋಡಿದ. ಬೈಯುವ ಬದಲು ಕೆಲಸ ಕೊಟ್ಟ.

"ಹೆಣ್ಮಕ್ಕಳು ಭಾಳ ಬರಾಕ ಹತ್ತ್ಯಾರ. ಗಂಡಸರ ಕಡೆ ಕಲಿಯಾಕ ಹಿಂದಮುಂದ ನೋಡ್ತಾರ. ನೀ ಕಲಿಸು" ಅಂದನಂತೆ. "ಆದ್ರ ಗಾಡಿ ನಿಂದು ಇರಬೇಕು. ಕಾಗದ ನಿನ್ನ ಹೆಸರಿಗೆ ಇರಬೇಕು, ಇಲ್ಲಾ ಹೆಸರು ಬದ್ಲಿ ಮಾಡಾಕ ಅರ್ಜಿ ಕೊಟ್ಟ ಚೀಟಿಯರ ತೋರಸು. ಕಾಗದ ಇಲ್ಲದ ಗಾಡಿ ನನ್ನ ಬೇಲಿ ದಾಟಂಗಿಲ್ಲ. ಶನಿವಾರ ಹೆಣ್ಮಕ್ಕಳ ತಂಡ ಬರತೈತಿ. ಶುಕ್ರವಾರ ಸಂಜಿ ತನಕಾ ನೋಡ್ತೀನಿ. ಆಗಲಿಲ್ಲಂದ್ರ ಹೊಸಪೇಟಿ ಕಡೆಯಾಕಿ ಒಬ್ಬಾಕಿ ಬರ್ತೀನಂದಾಳ."

ಇದನ್ನು ಅವಳು ನನಗೆ ಹೇಳಿದ್ದು ಸೋಮವಾರ, ಪಾತ್ರೆ ತಿಕ್ಕುತ್ತಾ, ಮುಖ ಆ ಕಡೆ ಮಾಡಿಕೊಂಡು.

"ಅತ್ತಿ, ನೀವೂ ಬರ್ರಿ ನನ್ನ ಜೋಡಿ."

"ನಾ ಬಂದು ಏನ್ ಮಾಡ್ಲಿ? ನನಗೇನು ಗಾಡಿ ತಿಳಿತೈತಿ?"

"ಗಾಡಿ ನನಗ ತಿಳಿತೈತಿ. ಮಾರೋ ಮಂದಿ ನಿಮಗ ತಿಳಿತಾರ."

ಅದು ಖರೆ. ನಾನು, ನನ್ನ ಗಂಡ ಮೂವತ್ತು ವರ್ಷ ಎಮ್ಮೆ ವ್ಯಾಪಾರ ಮಾಡಿದವರು. ಅವನು ಹೋದ ಮೇಲೆ ನಾನೊಬ್ಬಳೇ ಏಳೆಂಟು ವರ್ಷ ಸಂತೆ ತಿರುಗಿದೆ. ಎಮ್ಮೆಗಿಂತ ಮಾರುವವನ ಮುಖ ಹೆಚ್ಚು ನೋಡಬೇಕು.

ಆದರೆ ಆಗ ನಮ್ಮಿಬ್ಬರಲ್ಲಿ ಮಾತು ಅಷ್ಟಕ್ಕಷ್ಟೇ. ಕಾರಣ ಒಂದು ಹಗ್ಗ. ನಮ್ಮಲ್ಲಿ ದನ ಮಾರಿದರೆ ದನದ ಕೊರಳ ಹಗ್ಗ ಕೊಡುವುದಿಲ್ಲ. ಕೊಂಡವನು ತನ್ನ ಹಗ್ಗ ತಂದು ಕಟ್ಟಿಕೊಂಡು ಹೋಗಬೇಕು. ಹಳೆಯದು ಮಾರಿದವರ ಮನೆಯ ಗೂಟದ ಮೇಲೆ ಇರಬೇಕು. ಹಗ್ಗ ಹೋದರೆ ದನದ ಹಿಂದೆ ಕೊಟ್ಟಿಗೆಯೇ ಹೋಗುತ್ತದೆ ಅಂತಾರೆ. ನಾನು ಅಷ್ಟೆಲ್ಲಾ ನಂಬುವವಳಲ್ಲ, ಆದರೆ ಅಷ್ಟು ವರ್ಷದಲ್ಲಿ ಒಂದು ಹಗ್ಗವನ್ನೂ ಕೊಟ್ಟಿಲ್ಲ, ಯಾರದನ್ನೂ ತಂದಿಲ್ಲ. ನನ್ನ ಕಡೆಯ ಎಮ್ಮೆ ಮಾರಿದಾಗ ಇಟ್ಟುಕೊಂಡ ಹಗ್ಗವನ್ನು ಈ ಸೊಸೆ ಅಂಗಳದಲ್ಲಿ ಕಟ್ಟಿ ಬಟ್ಟೆ ಒಣ ಹಾಕಿದಳು. ನಾನು ಮೂರು ದಿನ ಮಾತು ಬಿಟ್ಟೆ. ಅವಳು ಬಿಚ್ಚಿ ಮತ್ತೆ ಗೂಟಕ್ಕೆ ಹಾಕಿದಳು. ಮಾತು ಮಾತ್ರ ಮೊದಲಿನ ಹಾಗೆ ಬರಲಿಲ್ಲ.

ಆದರೂ ಹೋದೆ. ಮನೆಯಲ್ಲಿ ಕುಳಿತು ಮಾಡುವುದೇನಿತ್ತು.

ಮಂಗಳವಾರ ಗಂಗಾವತಿಯಲ್ಲೇ ಒಂದು ಗ್ಯಾರೇಜಿನ ಗಾಡಿ ನೋಡಿದೆವು. ಮುಂದಿನ ಕಾಲಿನಿಂದ ಎಣ್ಣೆ ಸೋರುತ್ತಿತ್ತು. ಸೊಸೆ ಒಂದು ಸಲ ಒತ್ತಿ ನೋಡಿ, ಬೇಡ ಅಂದಳು. ಬುಧವಾರ ಕುಷ್ಟಗಿಗೆ ಹೋದೆವು. ಹೆಂಗಸರಿಗೆ ಬಸ್ಸು ಪುಕ್ಕಟೆ ಆದಾಗಿನಿಂದ ಕಾಲಿಡಲು ಜಾಗ ಇರುವುದಿಲ್ಲ. ಉದ್ದಕ್ಕೂ ನಿಂತೇ ಹೋದೆ. ನನ್ನ ವಯಸ್ಸಿನವರೇ ನಾಲ್ಕು ಮಂದಿ ನಿಂತಿದ್ದರು, ಯಾರು ಯಾರಿಗೆ ಏಳಬೇಕು.

ಕುಷ್ಟಗಿಯ ಗಾಡಿ ಮದುಮಗನ ಹಾಗೆ ತೊಳೆದು ನಿಲ್ಲಿಸಿದ್ದರು. ಮಾರುವವನು ಹಲ್ಲು ಕಿರಿದು, "ನೋಡ್ರಿ ಅಮ್ಮಾರ, ಒಂದs ಒದಿಗೆ ಚಾಲೂ ಆಕ್ಕೈತಿ" ಅಂದ. ನಾನು ಇಂಜಿನ್ನಿನ ಮೇಲೆ ಕೈಯಿಟ್ಟೆ. ಚುರ್ ಅಂತು.

"ಈಗ ಎಲ್ಲಿಗೆ ಹೋಗಿ ಬಂದೈತಪಾ ಇದು?"

"ಎಲ್ಲೂ ಇಲ್ರಿ. ಮುಂಜಾನಿಂದ ಇಲ್ಲೇ ಐತಿ."

"ಹಂಗಾರ ಜ್ವರ ಬಂದಾವೇನು ಇದಕ್ಕ?"

ತಣ್ಣಗಿದ್ದಾಗ ಚಾಲೂ ಆಗದ ಗಾಡಿಯನ್ನು ನಾವು ಬರುವ ಮೊದಲೇ ಕಾಯಿಸಿ ಇಟ್ಟಿದ್ದ. ಸಂತೆಗೆ ಬರುವ ದಿನ ಬೆಳಿಗ್ಗೆ ಹಾಲು ಹಿಂಡದೆ ಕೆಚ್ಚಲು ಉಬ್ಬಿಸಿ ತರುವವರ ಬುದ್ಧಿಯೇ ಇದು. ಆಮೇಲೆ ಸೊಸೆ ಬಗ್ಗಿ ಅದರ ಕುತ್ತಿಗೆಯ ಕೆಳಗೆ ಹೊಡೆದಿರುವ ನಂಬರು ನೋಡಿದಳು. ಎರಡು ಅಂಕಿ ತಿಕ್ಕಿ ಹೋಗಿದ್ದವು. ತುಕ್ಕು ತಿಂದದ್ದಲ್ಲ, ಅರ ಹಚ್ಚಿದ್ದು. ವಯಸ್ಸು ಮುಚ್ಚಲು ಎತ್ತಿನ ಹಲ್ಲಿಗೆ ಅರ ಹಚ್ಚುವವರನ್ನು ನಾನು ಕಂಡಿದ್ದೇನೆ. ಇಬ್ಬರೂ ಹೊರಗೆ ಬಂದೆವು. ಅವನು ಹಿಂದಿನಿಂದ, "ಚಹಾನಾರ ಕುಡಿದು ಹೋಗ್ರಿ" ಅಂತ ಕೂಗಿದ. ಕುಡಿಯಲಿಲ್ಲ. ಅವತ್ತು ಮನೆ ಸೇರಿದಾಗ ನನ್ನ ಪಾದ ಚಪ್ಪಲಿಯಿಂದ ಹೊರಗೆ ಬರಲಿಲ್ಲ, ಸೊಸೆ ಎಳೆದು ತೆಗೆದಳು.

"ನಾಳೆ ಬ್ಯಾಡ್ರಿ ಅತ್ತಿ, ನೀವು ಮನ್ಯಾಗಿರ್ರಿ."

"ನಾಳೆ ಅಂದ್ರ ಗುರುವಾರ. ಶುಕ್ರವಾರಕ್ಕ ಎಷ್ಟು ದಿನ ಉಳೀತು? ಬರ್ತೀನಿ" ಅಂದೆ.

ಗುರುವಾರದ್ದು ಬೇವೂರಿನ ಗಾಡಿ. ಕೊಪ್ಪಳದಲ್ಲಿ ಇಳಿದು ಬಸ್ಸು ಬದಲಿಸಿ ಹೋದೆವು. ಯಲಬುರ್ಗಾ ಸೀಮೆ, ಎರೆಹೊಲ, ಜೋಳ ಕೊಯ್ದು ಕೂಳೆ ನಿಂತಿತ್ತು. ಎಲ್ಲಿ ನೋಡಿದರೂ ಗಾಳಿಗೆ ಕರೆಂಟು ಮಾಡುವ ದೊಡ್ಡ ಫ್ಯಾನುಗಳು. ಗಾಡಿಯ ಮಾಲೀಕ ಆ ಫ್ಯಾನಿನ ಕೆಲಸಕ್ಕೆ ಹೋಗುವವನು. ಹೊಲದ ದಾರಿಯಲ್ಲಿ ಓಡಾಡಲು ಈ ಗಾಡಿ ಇಟ್ಟಿದ್ದ. ಬೆನ್ನು ನೋವು ಹತ್ತಿ, ಡಾಕ್ಟರು ಬೇಡ ಅಂದಿದ್ದರು. ಮನೆಯಲ್ಲಿ ಅವನು, ಅವನ ತಾಯಿ. ತಾಯಿ ನನಗಿಂತ ಎರಡು ವರ್ಷ ದೊಡ್ಡವಳಿರಬೇಕು.

ಗಾಡಿಗೆ ಮಣ್ಣು ಹಾಗೇ ಮೆತ್ತಿತ್ತು. ನನಗೆ ಅದೇ ಸಮಾಧಾನ. ಇಂಜಿನ್ ಮುಟ್ಟಿದೆ, ತಣ್ಣಗಿತ್ತು. ಸೊಸೆ ಚೈನು ಎಳೆದು ನೋಡಿದಳು, ಚಕ್ರ ಎತ್ತಿ ತಿರುಗಿಸಿ ಕಡ್ಡಿಗಳ ಮೇಲೆ ಬೆರಳು ಓಡಿಸಿದಳು, ನಂಬರು ಎರಡು ಸಲ ಓದಿದಳು. ಎರಡನೇ ಒದೆತಕ್ಕೆ ಚಾಲೂ ಆಯಿತು.

"ನಮ್ಮ ಹೊಲದಾಗ ಹೊಡದು ನೋಡ್ರಿ. ರೋಡಿಗೆ ಮಾತ್ರ ಬ್ಯಾಡ, ಇನ್ಸೂರನ್ಸ್ ಮುಗದೈತಿ" ಅಂದ ಮಾಲೀಕ. ಗಾಡಿಗೆ ಏನಿಲ್ಲ ಅಂತ ತಾನಾಗಿ ಹೇಳಿದವನು ಅವನೊಬ್ಬನೇ.

ಅವಳು ಚೂಡಿದಾರದ ವೇಲು ಸೊಂಟಕ್ಕೆ ಬಿಗಿದು, ಹೆಲ್ಮೆಟ್ ಹಾಕಿಕೊಂಡು ಕೂಳೆಯ ಹೊಲಕ್ಕೆ ಇಳಿದಳು. ಕೂರಲೇ ಇಲ್ಲ. ನಿಂತೇ ಓಡಿಸಿದಳು. ಬದು ಬಂದಾಗ ಗಾಡಿ ಮೇಲೆದ್ದಿತು, ಅವಳು ಮೊಣಕಾಲು ಸಡಿಲಬಿಟ್ಟು ಹಾಗೇ ನಿಂತಿದ್ದಳು. ಆರು ವರ್ಷ ನನ್ನ ಮನೆಯಲ್ಲಿ ಇದ್ದವಳು, ಅವಳ ಬೆನ್ನು ಅಷ್ಟು ನೆಟ್ಟಗಿದೆ ಅಂತ ನನಗೆ ಗೊತ್ತಿರಲಿಲ್ಲ.

ಮಾಲೀಕನ ತಾಯಿ ಕಟ್ಟೆಯ ಮೇಲೆ ನನ್ನ ಪಕ್ಕ ಕುಳಿತು ನೋಡುತ್ತಿದ್ದಳು. "ಅಕಿ ನಿನಗೇನಾಗಬೇಕಬೇ?"

"ಸೊಸಿ."

"ಬೀಳಂಗಿಲ್ಲೇನು?"

"ಬಿದ್ರ ಏಳ್ತಾಳ."

"ಗಟ್ಟಿ ಅದಾಳ ಬಿಡು. ನಮ್ಮವಗ ಹೆಣ್ಣು ಹುಡುಕಿ ಸಾಕಾತು, ಇಂಥಾಕಿ ಒಬ್ಬಾಕಿ ಸಿಗವಲ್ಲಳು."

ಬೆಲೆಯನ್ನು ನಾವಿಬ್ಬರೇ ಮುಗಿಸಿದೆವು. ಸೆರಗಿನ ಕೆಳಗೆ ಕೈ ಹಿಡಿದು ಬೆರಳು ಒತ್ತಿದೆ, ಸಂತೆಯಲ್ಲಿ ಮಾಡುವ ಹಾಗೆ. ಅವಳಿಗೂ ಬರುತ್ತಿತ್ತು. ಮಗ ನಿಂತು ನಗುತ್ತಿದ್ದ. ಎಷ್ಟಕ್ಕೆ ಅಂತ ಬರೆಯುವುದಿಲ್ಲ, ಸೆರಗಿನ ಕೆಳಗಿನದು ಅಲ್ಲೇ ಇರಬೇಕು.

ಇನ್ಸೂರನ್ಸ್ ಇಲ್ಲದ ಗಾಡಿಯನ್ನು ರಸ್ತೆಯ ಮೇಲೆ ಓಡಿಸುವುದಿಲ್ಲ ಅಂತ ಸೊಸೆ ಹಟ ಹಿಡಿದಳು. ಗಂಗಾವತಿಗೆ ಅಕ್ಕಿ ತರಲು ಖಾಲಿ ಹೊರಟಿದ್ದ ಲಗೇಜ್ ಗಾಡಿಯವನನ್ನು ಮಾಲೀಕನೇ ಕರೆತಂದ. ಗಾಡಿ ಏರಿಸಲು ಹೋಗುವ ಮುಂಚೆ ಸೊಸೆ ಕಾಗದಗಳನ್ನು ನನ್ನ ಕೈಚೀಲಕ್ಕೆ ಹಾಕಿದಳು.

"ಅತ್ತಿ, ಏಳು ಅದಾವ. ಹಳೇ ಇನ್ಸೂರನ್ಸ್, ಹೊಗಿ ಚೀಟಿ, ಸಹಿ ಮಾಡಿದ್ದು ಎರಡು ಫಾರ್ಮು, ಆಧಾರ್ ಜೆರಾಕ್ಸು, ಗಾಡಿ ಆರ್‌ಸಿ ಕಾರ್ಡಿನ ಜೆರಾಕ್ಸು, ಆರ್‌ಸಿ ಕಾರ್ಡು. ಜ್ವಾಕಿ."

"ಹೂಂ" ಅಂದೆ.

ಅವರು ಹೊರಗೆ ಗಾಡಿ ಏರಿಸುತ್ತಿದ್ದರು. ಒಳಗೆ ಮುದುಕಿ ನನಗೆ ಚಹಾ ಕೊಟ್ಟಳು. ಕೊಟ್ಟು, ಕೇಳಿದಳು.

"ಎಲ್ಲಾ ಒಯ್ದ್ರಿ. ನಮ್ಮ ಮನ್ಯಾಗ ಹಗ್ಗ ಯಾವುದು ಇಡ್ತೀರಿ?"

ನನಗೆ ನಾಚಿಕೆಯಾಯಿತು. ಎಮ್ಮೆ ಆಗಿದ್ದರೆ ನಾನೇ ಮೊದಲು ಬಿಚ್ಚಿ ಕೊಡುತ್ತಿದ್ದೆ. ಮೋಟರ್‌ಸೈಕಲ್ಲಿಗೆ ಹಗ್ಗ ಯಾವುದು? ಕೀಲಿಕೈ ಕೊಡಲು ಬರುವುದಿಲ್ಲ. ಚೀಲ ಬಿಚ್ಚಿ ನೋಡಿದೆ. ಕಾರ್ಡಿಗೆ ಪ್ಲಾಸ್ಟಿಕ್ ಕವರು ಹಾಕಿ, ಕೆಂಪು ಲಾಡಿ ಪೋಣಿಸಿದ್ದರು. ಗಾಡಿ ಬಂದಾಗಿನಿಂದ ದೇವರ ಗೂಡಿನ ಮೊಳೆಗೆ ಅದು ತೂಗುತ್ತಿತ್ತಂತೆ.

ನನಗೆ ಕನ್ನಡ ಕೂಡಿಸಿಕೊಂಡು ಓದಲು ಬರುತ್ತದೆ, ಅಂಕಿ ಚೆನ್ನಾಗಿ ಬರುತ್ತವೆ. ಕಾರ್ಡು ಇಂಗ್ಲಿಷಿನಲ್ಲಿತ್ತು. ಅದರ ಅಂಕಿಯನ್ನೂ ಜೆರಾಕ್ಸಿನ ಅಂಕಿಯನ್ನೂ ಒಂದೊಂದೇ ತಾಳೆ ನೋಡಿದೆ. ಎಲ್ಲಾ ಒಂದೇ. ಒಂದೇ ನಂಬರು ಎರಡು ಕಡೆ ಯಾಕೆ ಬೇಕು? ಜೆರಾಕ್ಸು ದೊಡ್ಡದು, ಕಾರ್ಡು ಸಣ್ಣದು. ದೊಡ್ಡದನ್ನು ಇಟ್ಟುಕೊಂಡೆ.

"ಇದು ಇರಲಿ ಯಕ್ಕಾ" ಅಂತ ಕಾರ್ಡು ಅವಳ ಕೈಗೆ ಕೊಟ್ಟೆ. ಅವಳು ಕಣ್ಣಿಗೊತ್ತಿಕೊಂಡು ಮತ್ತೆ ಗೂಡಿನ ಮೊಳೆಗೆ ಹಾಕಿದಳು. ಇಬ್ಬರಿಗೂ ವ್ಯವಹಾರ ಸರಿಯಾಗಿ ಮುಗಿಯಿತು ಅನಿಸಿತು. ಅವಳು ನನಗೆ ಇನ್ನರ್ಧ ಲೋಟ ಚಹಾ ಹಾಕಿದಳು.

ಲಗೇಜ್ ಗಾಡಿಯ ಮುಂದಿನ ಸೀಟಿನಲ್ಲಿ ಡ್ರೈವರ್, ಸೊಸೆ, ನಾನು. ಕೊಪ್ಪಳ ದಾಟುವ ತನಕ ಅವಳು ಹತ್ತು ಸಲ ತಿರುಗಿ ನೋಡಿದಳು. ಗಾಡಿ ಅಲುಗದ ಹಾಗೆ ಹಗ್ಗ ಬಿಗಿದಿದ್ದರು. ಅವತ್ತು ಅವಳು ದಾರಿಯುದ್ದಕ್ಕೂ ಮಾತಾಡಿದಳು. ಹೆಂಗಸರಿಗೆ ಮೊದಲು ಬೀಳುವುದನ್ನು ಕಲಿಸಬೇಕು, ಆಮೇಲೆ ಓಡಿಸುವುದನ್ನು ಅಂದಳು. ನಾನು ಕಣ್ಣು ಮುಚ್ಚಿಕೊಂಡು ಕೇಳಿದೆ. ನಿದ್ದೆ ಅಲ್ಲ, ಸಾಕಾಗಿತ್ತು.

ಮನೆಗೆ ಬಂದು, ಗಾಡಿ ಇಳಿಸಿ, ದೀಪ ಹಚ್ಚುವ ಹೊತ್ತಿಗೆ ಅವಳು ನನ್ನ ಚೀಲ ಬಿಚ್ಚಿದಳು. ಗಾಡಿ ಹೆಸರು ಬದಲಿಸಲು ಮರುದಿನ ಕೊಪ್ಪಳದ ಆರ್‌ಟಿಓ ಆಫೀಸಿಗೆ ಹೋಗಬೇಕಿತ್ತು, ಅದಕ್ಕೆ ಜೋಡಿಸಿ ಇಡಲು.

"ಆರs ಅದಾವಲ್ರಿ."

ನಾನು ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ.

"ಕಾರ್ಡ್ ಎಲ್ಲೈತಿ ಅತ್ತಿ?"

"ಆ ಯಕ್ಕನ ಕಡೆ ಐತಿ. ನಾನs ಕೊಟ್ಟೆ."

"ಯಾಕ?"

"ಹಗ್ಗದ ಬದ್ಲಿ."

ಅವಳು ಕಿರುಚಲಿಲ್ಲ. ಕಿರುಚಿದ್ದರೆ ಛಲೋ ಇತ್ತು. ಹೊಸ್ತಿಲ ಮೇಲೆ ಕುಳಿತಳು.

"ಅದs ಗಾಡಿರಿ ಅತ್ತಿ. ಆ ಕಾರ್ಡ್ ಇಲ್ಲಂದ್ರ ಆಫೀಸನ್ಯಾಗ ಫಾರ್ಮ್ ಮುಟ್ಟಂಗಿಲ್ಲ. ಜೆರಾಕ್ಸ್ ಯಾವನೂ ನೋಡಂಗಿಲ್ಲ. ಚೀಟಿ ಇಲ್ಲಂದ್ರ ಮಾಲಕ ಬೇಲಿ ಒಳಗ ಬಿಡಂಗಿಲ್ಲ. ನಾ ಮತ್ತ ರೊಟ್ಟಿ ಬಡಿಯೂದ." ಕಾಗದಗಳನ್ನು ಮತ್ತೊಮ್ಮೆ ಎಣಿಸಿ, "ಆ ಬಟ್ಟಿ ಒಣ ಹಾಕಿದ್ನೆಲ್ಲ, ಆ ಸಿಟ್ಟಿಗೆ ಮಾಡಿದ್ರೇನು?" ಅಂದಳು.

"ಅದನ್ನ ಮಾಡಾಕ ಮೂರು ದಿನ ನಿಂತಕೊಂಡು ತಿರಗಬೇಕಿತ್ತೇನ ನಾನು? ಮನ್ಯಾಗ ಕುಂತು ಮಾಡ್ತಿದ್ದೆ" ಅಂದೆ. ಅಷ್ಟು ಹೇಳಿದೆ, ತಪ್ಪಾಯಿತು ಅನ್ನುವ ಮಾತು ಬಾಯಿಗೆ ಬರಲಿಲ್ಲ. ನನಗೆ ಅದು ಎಂದೂ ಬರುವುದಿಲ್ಲ.

ಅವಳು ಬೇವೂರಿನ ಮಾಲೀಕನಿಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿದಳು. ಅವನ ದನಿಯ ಹಿಂದೆ ಮುದುಕಿಯ ಬೈಗುಳ ಕೇಳಿಸುತ್ತಿತ್ತು.

"ಅಕ್ಕಾರ, ನಾನs ಫೋನ್ ಮಾಡಾವಿದ್ದೆ. ನಮ್ಮವ್ವ ಊಟ ಬಿಟ್ಟು ಕುಂತಾಳ್ರಿ. ಡ್ರೈವರ್ ಗಾಡಿ ಕಟ್ಟಾಕ ಹಗ್ಗ ಕೇಳಿದ್ನೆಲ್ಲ, ನಾ ಕೊಟ್ಟಿಗ್ಯಾಗಿನ ಗೂಟದ ಮ್ಯಾಲಿಂದು ತಗದು ಕೊಟ್ಟಬಿಟ್ಟೆ. ಅದು ನಮ್ಮ ಎತ್ತಿನ ಹಗ್ಗಂತ. ಎತ್ತು ಮಾರಿದಾಗ ಇಟ್ಟಕೊಂಡಿದ್ದಂತ. ನನಗೇನು ಗೊತ್ತರಿ?"

"ಅದಿರಲಿ ಅಣ್ಣಾರ, ಆ ಕಾರ್ಡು..."

"ಕೇಳಿದೆ. 'ನನ್ನ ಹಗ್ಗ ಬರೂಮಟ ಕಾರ್ಡ್ ಮುಟ್ಟಿದ್ರ ನೋಡು' ಅಂತಾಳ್ರಿ. ನನಗ ನಾಳೆ ಮುಂಜಾನೆ ಆರಕ್ಕ ಡ್ಯೂಟಿ. ನೀವs ಬರಬೇಕು. ಬರುವಾಗ ಹಗ್ಗ ಮರೀಬ್ಯಾಡ್ರಿ."

ಅಂಗಳಕ್ಕೆ ಹೋಗಿ ನೋಡಿದೆ. ಹಗ್ಗ ಗಾಡಿಯ ಕಾಲ ಬುಡದಲ್ಲಿ ಬಿದ್ದಿತ್ತು. ಪುಂಡಿನಾರಿನದು, ಕೈಯಲ್ಲಿ ಹೊಸೆದದ್ದು. ಎರಡೂ ತುದಿಗೆ ಗೊಂಡೆ, ನಡುವೆ ಅರಿಷಿಣದ ಗುರುತು. ಇಂಥದ್ದನ್ನು ನೋಡಿದ ಕೂಡಲೇ ನನಗೆ ತಿಳಿಯಬೇಕಿತ್ತು. ಒಳಗೆ ಕುಳಿತು ಹಗ್ಗದ ರೀತಿ ರಿವಾಜು ನಡೆಸುತ್ತಿದ್ದ ನಮ್ಮಿಬ್ಬರು ಮುದುಕಿಯರಲ್ಲಿ ಒಬ್ಬಳೂ ಹೊರಗೆ ಬಂದು ಏನು ಕಟ್ಟಿದ್ದಾರೆ ಅಂತ ನೋಡಲಿಲ್ಲ. ಆ ಮನೆಯ ಹಗ್ಗ ನಮ್ಮ ಮನೆಗೆ ಬಂದಿತ್ತು. ನಮ್ಮ ಗಾಡಿಯ ಕಾಗದ ಅವರ ಗೂಡಿನಲ್ಲಿ ತೂಗುತ್ತಿತ್ತು.

ಸೊಸೆ, "ನಾನs ಹೋಗಿ ಬರ್ತೀನಿ" ಅಂದಳು.

"ನೀ ಬೇವೂರಿಗೆ ಹೋಗಿ ಕೊಪ್ಪಳಕ್ಕ ಬರೂದ್ರಾಗ ಆಫೀಸನ್ಯಾಗ ಪಾಳಿ ಎಷ್ಟುದ್ದ ಇರತೈತಿ? ಅದರಾಗ ಇನ್ಸೂರನ್ಸ್ ಬ್ಯಾರೆ ಮಾಡಸಬೇಕು. ನೀ ಸೀದಾ ಕೊಪ್ಪಳಕ್ಕ ಹೋಗು. ಕಾರ್ಡ್ ನಾ ತರ್ತೀನಿ."

"ನಿಮಗ ಕಾಲು..."

"ಕಾಲು ನಂದು."

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ಹಗ್ಗ ಸುತ್ತಿ ಚೀಲದಲ್ಲಿ ಹಾಕಿದ್ದೆ, ಗೊಂಡೆ ಹೊರಗೆ ಕಾಣುತ್ತಿತ್ತು. ಕೊಪ್ಪಳ ದಾಟಿದ ಮೇಲಿನ ಬಸ್ಸಿನಲ್ಲಿ ಕಂಡಕ್ಟರ್ ನೋಡಿ ನಕ್ಕ.

"ಏನಜ್ಜಿ, ಎಮ್ಮಿ ತರಾಕ ಹೊಂಟೀಯೇನು?"

"ಇಲ್ಲಪಾ, ಹಗ್ಗ ವಾಪಸ್ ಕೊಡಾಕ."

"ಮತ್ತ ಎಮ್ಮಿ?"

"ಎಮ್ಮಿ ಅಲ್ಲ, ಮೋಟರ್‌ಸೈಕಲ್."

ಅವನು ನನ್ನ ಮುಖ ನೋಡಿ, ಮುಂದಿನ ಸೀಟಿಗೆ ಹೋದ.

ಬೇವೂರಿನಲ್ಲಿ ಮುದುಕಿ ಕಟ್ಟೆಯ ಮೇಲೇ ಕುಳಿತಿದ್ದಳು, ನಾನು ಬರುವ ದಾರಿ ನೋಡುತ್ತಾ. ಬಾ ಅನ್ನಲಿಲ್ಲ. ಚೀಲದಿಂದ ಹಗ್ಗ ತೆಗೆದು ಅವಳ ಮಡಿಲಿಗೆ ಹಾಕಿದೆ. ಅವಳು ಮಾರು ಹಾಕಿ ಅಳೆದಳು. ಎರಡೂ ಗೊಂಡೆ ಹಿಚುಕಿ ನೋಡಿದಳು.

"ಎಣ್ಣಿ ಹತ್ತೈತಿ ಇಲ್ಲೆ."

"ಗಾಡೀದು. ಸೋಡಾ ಹಾಕಿ ತೊಳಿ, ಹೊಕ್ಕೈತಿ."

"ಹಂಗs ಇರಲಿ ತಗೋ" ಅಂದು ಎದ್ದು ಕೊಟ್ಟಿಗೆಗೆ ಹೋದಳು. ಹಗ್ಗ ಗೂಟಕ್ಕೆ ಹಾಕಿ ಬಂದ ಮೇಲೆಯೇ ದೇವರ ಗೂಡಿಗೆ ಕೈ ಹಾಕಿದ್ದು.

"ಇಷ್ಟ್ಯಾಕ ಬಡದಾಡ್ತೀರಿ ಇದಕ್ಕ? ಏನೈತಿ ಇದರಾಗ?"

"ಇಂಗ್ಲಿಷ್‌ನ್ಯಾಗ ಐತಿ, ನನಗೂ ಓದಾಕ ಬರಂಗಿಲ್ಲ. ಇದಿಲ್ಲಂದ್ರ ನಮ್ಮ ಸೊಸಿ ಕೆಲಸ ಹೊಕ್ಕೈತಿ."

"ಅದನ್ನ ನಿನ್ನೆನs ಹೇಳಬೇಕಿಲ್ಲೇನಬೇ?"

"ನಿನ್ನೆ ನನಗ ಗೊತ್ತಿರಲಿಲ್ಲ."

ಅವಳು ಕಾರ್ಡಿನ ಕೆಂಪು ಲಾಡಿ ಬಿಚ್ಚಿದಳು. ಬೆರಳು ಸೊಟ್ಟ, ಗಂಟು ಬಿಗಿ, ಬಹಳ ಹೊತ್ತು ಹಿಡಿಯಿತು. ನಾನು ಕೈ ಹಾಕಲಿಲ್ಲ. ಲಾಡಿಯನ್ನು ಮೊಳೆಗೆ ಹಾಕಿ, ಕಾರ್ಡು ನನಗೆ ಕೊಟ್ಟಳು. "ಲಾಡಿ ನಮ್ಮದು" ಅಂದಳು. ಹೌದು, ನಿನ್ನೆಯೂ ಲಾಡಿ ಅಲ್ಲೇ ಇತ್ತು. ಅಷ್ಟೇ ಬಿಚ್ಚಿ ಕೊಟ್ಟಿದ್ದರೆ ಸಾಕಿತ್ತು. ಇಬ್ಬರಿಗೂ ಹೊಳೆಯಲಿಲ್ಲ.

ಚಹಾ ಕುಡಿ ಅಂದಳು. ಬಸ್ಸು ಹೋಗುತ್ತದೆ ಅಂದೆ. ಕಾರ್ಡನ್ನು ಕುಪ್ಪಸದೊಳಗೆ ಇಟ್ಟುಕೊಂಡು ಬಸ್ಸು ಹಿಡಿದೆ. ನಿಂತೇ ಬಂದೆ.

ಕೊಪ್ಪಳದಲ್ಲಿ ಆಫೀಸಿನ ಗೇಟಿನ ಹೊರಗೆ ಸೊಸೆ ನಿಂತಿದ್ದಳು. ಇನ್ಸೂರನ್ಸ್ ಆಗಿತ್ತಂತೆ. ಕಾರ್ಡು ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿ, ಒಳಗೆ ಓಡಿದಳು. ನಾನು ಗೋಡೆಯ ನೆರಳಿಗೆ ಕುಳಿತು ಚಪ್ಪಲಿ ಬಿಟ್ಟೆ. ಪಾದ ಮತ್ತೆ ಉಬ್ಬಿತ್ತು.

ಬಿಸಿಲು ನನ್ನ ಕಾಲಿನ ತನಕ ಬರುವ ಹೊತ್ತಿಗೆ ಅವಳು ಹೊರಗೆ ಬಂದಳು. ಅರ್ಜಿ ಕೊಟ್ಟ ಚೀಟಿ ಸಿಕ್ಕಿತ್ತು, ಸಂಜೆಗೆ ಇನ್ನೂ ಹೊತ್ತಿತ್ತು. ನಾನು ಕೈ ಚಾಚಿದೆ. ಅವಳು ಚೀಟಿಯನ್ನು ನನ್ನ ಕೈಗೆ ಕೊಡಲಿಲ್ಲ, ತನ್ನ ಕೈಯಲ್ಲೇ ಹಿಡಿದುಕೊಂಡು ನನ್ನ ಮುಖದ ಮುಂದೆ ತೋರಿಸಿದಳು. ನಾನು ಅಂಕಿಗಳನ್ನು ಒಂದೊಂದೇ ಓದಿದೆ. ಆಮೇಲೆ ಅವಳು ಅದನ್ನು ತನ್ನ ಚೀಲಕ್ಕೆ ಹಾಕಿ, ಜಿಪ್ಪು ಎಳೆದು, ನನ್ನ ಚಪ್ಪಲಿಗಳನ್ನು ಕೈಯಲ್ಲಿ ಎತ್ತಿಕೊಂಡಳು. ನಾನು ಬರಿಗಾಲಲ್ಲೇ ಅವಳ ಹಿಂದೆ ಬಸ್ ಸ್ಟ್ಯಾಂಡಿನ ಕಡೆ ನಡೆದೆ.